ಇಕಿಗೆ ತಿಳಿಯಂಗಿಲ್ಲ ಬಿಡು

ನಮ್ಮ ಮನೆಯಲ್ಲಿ ಕನ್ನಡವೆಂದರೆ ಮಗಳಿಗೆ ಕೇಳಿಸಬಾರದ ಮಾತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದೇ ಹಾಗೆ. ನಾನೂ ನನ್ನ ಗಂಡನೂ ಧಾರವಾಡದವರು. ಮದುವೆಯಾದ ವರ್ಷವೇ ಅಹಮದಾಬಾದಿಗೆ ಬಂದೆವು, ಇಬ್ಬರಿಗೂ ಕೇಂದ್ರ ಸರ್ಕಾರದ ಒಂದೇ ಸಂಶೋಧನಾ ಸಂಸ್ಥೆಯಲ್ಲಿ ನೌಕರಿ. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಅವಳನ್ನು ನರ್ಸರಿಗೆ ಸೇರಿಸಿದಾಗ ಟೀಚರು, ಮನೆಯಲ್ಲಿ ನಾಲ್ಕು ಭಾಷೆ ಆಡಿದರೆ ಮಗುವಿಗೆ ಗೊಂದಲವಾಗುತ್ತದೆ ಎಂದರು. ನಾವು ಅದನ್ನು ವೇದವಾಕ್ಯವೆಂದು ತಲೆಯ ಮೇಲಿಟ್ಟುಕೊಂಡು ಅವಳ ಜೊತೆ ಹಿಂದಿಗೆ ಹೊರಳಿದೆವು. ಆಮೇಲೆ ಹಿಂದಿಯೊಳಗೆ ಇಂಗ್ಲಿಷ್ ಸೇರಿತು. ಗುಜರಾತಿಯನ್ನು ಅವಳು ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಆಡುತ್ತ ತಾನೇ ಕಲಿತಳು.

ಕನ್ನಡ ನಮ್ಮಿಬ್ಬರ ನಡುವೆ ಉಳಿಯಿತು. ಆಫೀಸಿನ ಜಗಳ, ಅತ್ತೆಯ ಕಾಯಿಲೆ, ಮೇಲಿನ ಮನೆಯವರ ಮೇಲಿನ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಮಗಳ ಬಗ್ಗೆಯೇ ಆಡಬೇಕಾದ ಮಾತು, ಇದಕ್ಕೆಲ್ಲ ಕನ್ನಡ. ಬೇರೆ ಮನೆಗಳಲ್ಲಿ ದೊಡ್ಡವರು ಮಾತಾಡುವಾಗ ಮಕ್ಕಳನ್ನು ಹೊರಗೆ ಆಡಲು ಕಳಿಸುತ್ತಾರೆ. ನಮಗೆ ಆ ತೊಂದರೆಯೂ ಇರಲಿಲ್ಲ. ಅವಳು ಎದುರಿಗೇ ಕೂತು ಹೋಂವರ್ಕ್ ಮಾಡುತ್ತಿದ್ದಳು, ನಾವು ಅವಳ ತಲೆಯ ಮೇಲಿಂದ ಮಾತಾಡುತ್ತಿದ್ದೆವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಪ್ರತಿ ಭಾನುವಾರ ಬೆಳಿಗ್ಗೆ ಧಾರವಾಡದಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ವಾರವಿಡೀ ಹಿಂದಿಯಲ್ಲಿ ನಯವಾಗಿ ಬದುಕಿದ ಹೆಂಗಸು ಆ ಅರ್ಧ ಗಂಟೆ ಊರಿನ ಮಾತಿನಲ್ಲಿ ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದಳು. ಮಗಳ ಗಣಿತದ ಮಾರ್ಕು, ಮಗಳ ಬಣ್ಣ, ಮಗಳ ಹಟ. "ಮಾರಿ ನೋಡಿದ್ರ ನಮ್ಮತ್ತಿ ಅಚ್ಚು ಒತ್ತಿಧಂಗ ಅದ" ಎಂದು ನಗುತ್ತಿದ್ದೆ. ಮತ್ತೆ ಮತ್ತೆ ಒಂದು ಮಾತು ಬರುತ್ತಿತ್ತು. ಬೇಸರವಾದಾಗಲೆಲ್ಲ, ಆಫೀಸಿನಲ್ಲಿ ಯಾರಿಗಾದರೂ ಬಡ್ತಿ ಸಿಕ್ಕಾಗಲೆಲ್ಲ ಬರುತ್ತಿತ್ತು.

"ಇಕಿ ಹುಟ್ಟಲಿಲ್ಲಂದ್ರ ನಾ ಜರ್ಮನಿಗೆ ಹೋಗಿ ಬರ್ತಿದ್ದೆ ಅಕ್ಕಾ. ಇಕಿ ಹೊಟ್ಟ್ಯಾಗ ಬಂದ್ಲು, ನನ್ನ ನಸೀಬಕ್ಕ ಕಲ್ಲು ಬಿತ್ತು."

ಅದರ ಹಿನ್ನೆಲೆ ಇಷ್ಟು. ನಾನು ಮಸೂರಗಳನ್ನು ಉಜ್ಜಿ ತಿದ್ದುವ, ಪರೀಕ್ಷಿಸುವ ವಿಭಾಗದಲ್ಲಿದ್ದೆ. ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ಅದೇ ಕೆಲಸದ ಒಂದು ಕಾರ್ಖಾನೆಯಲ್ಲಿ ಆರು ತಿಂಗಳ ತರಬೇತಿಗೆ ನನ್ನ ಹೆಸರು ಬಂದಿತ್ತು. ಪತ್ರ ಬಂದ ತಿಂಗಳೇ ನಾನು ಬಸುರಿ ಎಂದು ತಿಳಿಯಿತು. ನನ್ನ ಬದಲು ಬೇರೊಬ್ಬರು ಹೋದರು. ಈ ಕಥೆಯನ್ನು ನಾನು ಮಗಳಿಗೆ ಹಿಂದಿಯಲ್ಲಿ ಒಮ್ಮೆಯೂ ಹೇಳಲಿಲ್ಲ. ಮಗುವಿನ ಮನಸ್ಸು ನೋಯಿಸಬಾರದು ಎಂಬಷ್ಟು ಒಳ್ಳೆಯ ತಾಯಿ ನಾನು ಎಂದುಕೊಂಡಿದ್ದೆ. ಅಕ್ಕ ಕೆಲವೊಮ್ಮೆ, ಹುಡುಗಿ ಅಲ್ಲೇ ಇದ್ದಾಳೇನು, ಹಗೂರ ಮಾತಾಡು ಎನ್ನುತ್ತಿದ್ದಳು. ನನ್ನ ಉತ್ತರ ಯಾವಾಗಲೂ ಒಂದೇ: "ಇಕಿಗೆ ತಿಳಿಯಂಗಿಲ್ಲ ಬಿಡು."

ಈಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಸೂರತ್ತಿನಲ್ಲಿದ್ದಾಳೆ, ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ಫ್ಲ್ಯಾಟು. ನಾನು ಅಹಮದಾಬಾದಿನ ಅಂಚಿನ ಬಡಾವಣೆ ಬೋಪಾಲ್‌ನಲ್ಲಿ. ನಡುವೆ ವಡೋದರಾ ಬೀಳುತ್ತದೆ. ಆದ್ದರಿಂದ ತಿಂಗಳಿಗೆ ಎರಡು ಶನಿವಾರ ಅವಳು ಅತ್ತಲಿಂದ, ನಾನು ಇತ್ತಲಿಂದ ರೈಲು ಹತ್ತಿ ವಡೋದರಾದಲ್ಲಿ ಇಳಿಯುತ್ತೇವೆ. ಸ್ಟೇಷನ್ನಿನಿಂದ ನಡೆದು ಅಲ್ಕಾಪುರಿ ಬಡಾವಣೆಯ ಒಂದು ಹೋಟೆಲಿನಲ್ಲಿ ಊಟ, ಮೂರು ಗಂಟೆ ಮಾತು, ಮತ್ತೆ ಅವರವರ ರೈಲು. ಮನೆಗೆ ಬಾ ಎಂದರೆ ಏನಾದರೂ ನೆಪ ಹೇಳುತ್ತಿದ್ದಳು, ವಡೋದರಾಕ್ಕೆ ಮಾತ್ರ ಒಂದು ಸಲವೂ ತಪ್ಪಿಸಿದವಳಲ್ಲ. ಮನೆಯಲ್ಲಿ ನಾನು ಫೋನ್ ಹಿಡಿದು ಕೂರುತ್ತೇನೆ, ಹೋಟೆಲಿನಲ್ಲಿ ಹಿಡಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಾನು ನಿವೃತ್ತಳಾದ ಮೇಲಿನ ಮೊದಲ ಶನಿವಾರ ಅವಳು, "ಮಮ್ಮಿ, ಚಲೋ ಯುರೋಪ್. ಬ್ಯಾಗು ಬೆನ್ನಿಗೆ ಹಾಕಿಕೊಂಡು, ನಾವಿಬ್ಬರೇ" ಎಂದಳು. ಟೂರ್ ಕಂಪನಿ ಬೇಡ, ಬಸ್ಸು ಬೇಡ, ಗೈಡ್ ಬೇಡ. ರೈಲಿನಲ್ಲಿ ಓಡಾಡುವುದು, ಹಾಸ್ಟೆಲಿನಲ್ಲಿ ಮಲಗುವುದು, ಕೈಯಾರೆ ಬೇಯಿಸಿ ತಿನ್ನುವುದು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇದು ಇಪ್ಪತ್ತೊಂಬತ್ತಕ್ಕೇ ಬಂತಲ್ಲ ಎಂದುಕೊಂಡೆ. ನನ್ನ ಗಂಡ ಅದನ್ನು ಕೇಳಿದ್ದೇ, ತಾನು ಮನೆ ಕಾಯುತ್ತೇನೆಂದು ಘೋಷಿಸಿ ಪೇಪರಿನ ಹಿಂದೆ ಅಡಗಿಕೊಂಡರು.

ಬ್ಯಾಗು ಅಲ್ಕಾಪುರಿಯಲ್ಲೇ ಕೊಂಡೆವು. ಹೊತ್ತು ನಡೆಯುವ ಅಭ್ಯಾಸವಿರಲಿ ಎಂದು ಅವಳ ಕಟ್ಟಪ್ಪಣೆ. ಹಾಗಾಗಿ ದಿನಾ ಬೆಳಿಗ್ಗೆ ತೊಗರಿಬೇಳೆ, ಗೋಧಿಹಿಟ್ಟಿನ ಪೊಟ್ಟಣಗಳನ್ನು ಅದರಲ್ಲಿ ತುಂಬಿ ಸೊಸೈಟಿಗೆ ಸುತ್ತು ಹಾಕುತ್ತಿದ್ದೆ. ಬೆಂಚಿನ ಮೇಲೆ ಕೂತ ಹೆಂಗಸರು, "ಕ್ಯಾಂ ಚಾಲ್ಯಾ, ಬೆನ್?" ಎಂದು ಎಲ್ಲಿಗೆ ಹೊರಟೆನೆಂದು ಕೇಳಿದರೆ, ಹಿಟ್ಟಿನ ಗಿರಣಿಗೆ ಎನ್ನುತ್ತಿದ್ದೆ. ಒಂದು ವಾರವಾದ ಮೇಲೆ ಒಬ್ಬಳು, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದಳು. ಶಾಲೆಯ ಹುಡುಗಿಯ ಹಾಗೆ ಚೀಲ ಹೊತ್ತುಕೊಂಡು ಪರದೇಶಕ್ಕೆ ಹೊರಟಿದ್ದೇನೆಂದು ಹೇಳಿಕೊಳ್ಳಲು ನನಗೆ ಅಷ್ಟು ಮುಜುಗರ.

ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್. ಒಂದೊಂದು ಊರಿನಲ್ಲಿ ಮೂರು ಮೂರು ದಿನ. ಒಂದು ಕೋಣೆಯಲ್ಲಿ ಆರು ಮಂಚ, ಒಂದರ ಮೇಲೊಂದು. ನನ್ನ ಚೀಲದಲ್ಲಿ ಹಚ್ಚಿದ ಅವಲಕ್ಕಿ, ಶೇಂಗಾ ಚಟ್ನಿ, ಬೋಪಾಲ್‌ನ ನೆರೆಯವಳು ಮಾಡಿಕೊಟ್ಟ ಮೆಂತ್ಯದ ರೊಟ್ಟಿ ಥೇಪ್ಲಾ. ನೋಡಿದ್ದು ಬಹಳ, ನೆನಪಿರುವುದು ಕಡಿಮೆ. ನೆನಪಿರುವುದೆಲ್ಲ ನನ್ನ ಫೋನುಗಳು. ಅಲ್ಲಿ ನಾಲ್ಕು ಗಂಟೆಯಾದರೆ ಧಾರವಾಡದಲ್ಲಿ ಏಳೂವರೆ, ಅಕ್ಕ ದೇವರಿಗೆ ದೀಪ ಹಚ್ಚಿ ಬಿಡುವಾಗಿ ಕೂತಿರುವ ಹೊತ್ತು. ದಿನಾ ಮಾತಾಡಿದೆ, ಮಗಳು ಪಕ್ಕದಲ್ಲೇ ಇದ್ದಾಗ.

ಪ್ಯಾರಿಸ್ಸಿನಲ್ಲಿ, "ಈ ವಯಸ್ಸಿನ್ಯಾಗ ನನ್ನ ಮ್ಯಾಲಿನ ಮಂಚಕ್ಕ ಹತ್ತಸ್ಯಾಳ ನೋಡು, ಬಿದ್ದು ಸತ್ರ ಹೆಣಾ ಯಾರು ಒಯ್ಯಬೇಕು" ಎಂದೆ. ಮರುದಿನ ನನಗೆ ಕೆಳಗಿನ ಮಂಚ ಸಿಕ್ಕಿತು. ಬ್ರಸೆಲ್ಸಿನಲ್ಲಿ, "ಕತ್ತೆ ಹಂಗ ಹೊರಸ್ಲಿಕ್ಕತ್ತಾಳ" ಎಂದೆ. ಮಾರನೆಯ ಬೆಳಿಗ್ಗೆ ನನ್ನ ಚೀಲ ಹಗುರವಾಗಿತ್ತು, ಅವಳದು ಉಬ್ಬಿಕೊಂಡಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಲ್ಲಿನ ಕಾಫಿ ಬಾಯಿಗಿಡುವ ಹಾಗಿಲ್ಲ ಎಂದು ದೂರಿದೆ. ಸಂಜೆ ಅವಳು ಎಲ್ಲೆಲ್ಲೋ ಅಲೆದು ಹಾಲು ಬಿಸಿ ಮಾಡಿ, ಗಟ್ಟಿ ಕಾಫಿ ಬೆರೆಸಿ ತಂದುಕೊಟ್ಟಳು. ಎಷ್ಟು ಸೂಕ್ಷ್ಮದ ಹುಡುಗಿ, ನನ್ನ ಮುಖ ನೋಡಿಯೇ ಎಲ್ಲ ಅರಿತುಕೊಳ್ಳುತ್ತಾಳೆ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ಮಾತ್ರ ಅಕ್ಕನಿಗೆ ಹೇಳಲಿಲ್ಲ. ಹೊಗಳಿಕೆಯನ್ನು ಹಿಂದಿಯಲ್ಲಿ ಆಡಿ ಮುಗಿಸುವುದು, ದೂರನ್ನು ಕನ್ನಡಕ್ಕೆ ಎತ್ತಿಡುವುದು ನನಗೆ ಅಷ್ಟು ರೂಢಿಯಾಗಿತ್ತು.

ಹತ್ತನೆಯ ದಿನ ಜರ್ಮನಿಯೊಳಗೆ ಎರಡು ರೈಲು ಬದಲಿಸಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ತಲೆಯೆತ್ತಿ ಬೋರ್ಡು ನೋಡಿದೆ. ಇನ್ನೊಮ್ಮೆ ಓದಿದೆ. ಮೂವತ್ತು ವರ್ಷ ಹಿಂದೆ ಆ ಪತ್ರದ ತಲೆಯ ಮೇಲೆ ಇದ್ದ ಅಕ್ಷರಗಳೇ.

"ಇಲ್ಲಿ ಯಾಕೆ ಇಳಿದೆವು?" ಎಂದು ಕೇಳಿದೆ.

"ಬಸ್, ಐಸೇ ಹೀ," ಎಂದಳು, ಸುಮ್ಮನೆ ಎನ್ನುವ ಹಾಗೆ. "ಎರಡು ದಿನ ಗದ್ದಲವಿಲ್ಲದ ಊರಿನಲ್ಲಿರೋಣ."

ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ದೇವರ ಆಟ ಎಂದುಕೊಂಡೆ. ಊರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಹೊಳೆ, ಒಂದು ಸೇತುವೆ, ಎರಡು ಚರ್ಚು, ಒಂದು ಬೇಕರಿ. ಬೆನ್ನಿಗೆ ಚೀಲ ಹಾಕಿಕೊಂಡು ಆ ಬೀದಿಯಲ್ಲಿ ನಡೆಯುವಾಗ ಕಣ್ಣು ತುಂಬಿ ಬಂತು, ಧೂಳು ಬಿತ್ತು ಎಂದು ಹಿಂದಿಯಲ್ಲಿ ಸುಳ್ಳು ಹೇಳಿದೆ. ಆ ಊರಿನಲ್ಲಿ ಧೂಳೇ ಇರಲಿಲ್ಲ.

ನಾಲ್ಕು ಗಂಟೆಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳು ಟೊಮ್ಯಾಟೊ ಹೆಚ್ಚುತ್ತ ನಿಂತಿದ್ದಳು. ನಾನು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಅಕ್ಕನಿಗೆ ಫೋನ್ ಹಚ್ಚಿದೆ. ಮಾತು ಹೊಟ್ಟೆಯೊಳಗೆ ನಿಲ್ಲುವ ಹಾಗೇ ಇರಲಿಲ್ಲ.

"ಅಕ್ಕಾ, ದೈವ ಹೆಂಗದ ನೋಡು. ಇಕಿ ಸಲುವಾಗಿ ಯಾವ ಊರು ತಪ್ಪಿತ್ತೋ, ಇಕೀನೇ ನನ್ನ ಆ ಊರಿಗೆ ಕರಕೊಂಡು ಬಂದಾಳ. ಇಕಿ ಹುಟ್ಟಲಿಲ್ಲಂದ್ರ ಇಲ್ಲೇ ಆರು ತಿಂಗಳು ಇರ್ತಿದ್ದೆ. ನನ್ನ ನೌಕರಿ ಎಲ್ಲಿಗೋ ಹೋಗಿ ಮುಟ್ಟತಿತ್ತು."

"ಏ, ಹಗೂರ," ಎಂದಳು ಅಕ್ಕ. "ಹುಡುಗಿ ಬಾಜೂಕ ಇಲ್ಲಲ್ಲ?"

"ಇದ್ದಾಳ. ಟೊಮ್ಯಾಟೊ ಹೆಚ್ಚಲಿಕ್ಕತ್ತಾಳ. ಇಕಿಗೆ ತಿಳಿಯಂಗಿಲ್ಲ ಬಿಡು."

ಮಗಳು ಚಾಕುವನ್ನು ಮಣೆಯ ಮೇಲೆ ಇಟ್ಟಳು. ಕೈ ಒರೆಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ.

"ಮೌಶಿಗೆ ಹೇಳು, ನನಗ ಎಲ್ಲಾ ತಿಳೀತದ ಅಂತ," ಎಂದಳು. "ಈ ಊರು ಗೊತ್ತಿದ್ದೇ ನಿನ್ನ ಕರಕೊಂಡು ಬಂದೀನಿ."

ತಪ್ಪಿಲ್ಲದ ಧಾರವಾಡದ ಕನ್ನಡ. ನನ್ನದೇ ರಾಗ, ನನ್ನದೇ ಎಳೆತ, ಕೊನೆಯಲ್ಲಿ ಸ್ವಲ್ಪ ಸಿಡುಕು. ಬೇರೆ ಯಾರಿಂದ ಕಲಿಯಬೇಕಿತ್ತು ಅವಳು? ಆ ಮನೆಯಲ್ಲಿ ಕಿವಿಗೆ ಬಿದ್ದ ಕನ್ನಡವೆಲ್ಲ ನನ್ನ ದೂರೇ. ಫೋನಿನಲ್ಲಿ ಅಕ್ಕ ಹಲೋ ಹಲೋ ಎನ್ನುತ್ತಿದ್ದಳು. ಕೆಂಪು ಗುಂಡಿ ಒತ್ತಿ ಫೋನ್ ನಿಲ್ಲಿಸಿದೆ.

ಯಾವಾಗಿನಿಂದ ಎಂದು ಕೇಳಿದೆ, ಹಿಂದಿಯಲ್ಲಿ. ಆಗಲೂ ಹಿಂದಿಯಲ್ಲೇ.

ಯಾವಾಗಿನಿಂದ ಅಂದರೆ ಚಿಕ್ಕಂದಿನಿಂದ, ಎಂದು ಅವಳೂ ಹಿಂದಿಗೆ ಮರಳಿದಳು. ಮಾತಾಡಲು ಬಾಯಿ ಹೊರಳುವುದಿಲ್ಲ, ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಆ ಎರಡು ವಾಕ್ಯಗಳನ್ನು ರೈಲಿನಲ್ಲಿ ಮನಸ್ಸಿನೊಳಗೇ ಕಲಿತುಕೊಂಡು ಬಂದಿದ್ದಳಂತೆ. ಊರಿನ ಹೆಸರನ್ನು ನಾನು ಫೋನಿನಲ್ಲಿ ಯಾವಾಗಲೂ ತಪ್ಪಾಗಿ ಹೇಳುತ್ತಿದ್ದೆ. ಆ ತಪ್ಪು ಉಚ್ಚಾರವನ್ನೇ ಹಿಡಿದು ಐದಾರು ರೀತಿಯಲ್ಲಿ ಟೈಪ್ ಮಾಡಿ, ಮಸೂರದ ಕಾರ್ಖಾನೆ ಎಂದು ಸೇರಿಸಿ, ಸೂರತ್ತಿನ ಕೋಣೆಯಲ್ಲಿ ಕೂತು ತಿಂಗಳುಗಟ್ಟಲೆ ಹುಡುಕಿದ್ದಳು. ಪ್ಯಾರಿಸ್ಸು, ಬ್ರಸೆಲ್ಸು ಎಲ್ಲ ಈ ಊರಿಗೆ ಹಾಸಿದ ದಾರಿ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಮಾತಾಡುವುದನ್ನು ನಿಲ್ಲಿಸುತ್ತಿದ್ದೆ." ಮತ್ತೆ ಚಾಕು ಎತ್ತಿಕೊಂಡು ಹೇಳಿದಳು, "ನನ್ನ ಹತ್ತಿರ ಮಾತಾಡುವಾಗ ನೀನು ಟೀಚರ್ ಹಾಗೆ ಮಾತಾಡುತ್ತೀಯ, ಮಮ್ಮಿ. ಮೌಶಿಯ ಹತ್ತಿರ ನಗುತ್ತಿದ್ದೆ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಏಳು ವರ್ಷದ ಹುಡುಗಿ ಪೆನ್ಸಿಲು ಕಚ್ಚುತ್ತ ತಾನು ತಾಯಿಯ ನಸೀಬಿಗೆ ಬಿದ್ದ ಕಲ್ಲು ಎಂದು ಕೇಳಿಸಿಕೊಂಡಿದ್ದಾಳೆ. ಕೇಳಿಸಿಕೊಂಡು ಲೆಕ್ಕ ಮುಂದುವರಿಸಿದ್ದಾಳೆ. ಎಷ್ಟು ಭಾನುವಾರಗಳು!

ಆವತ್ತು ಆ ಟೊಮ್ಯಾಟೊ ಹಾಕಿ ಮಾಡಿದ ಪಾಸ್ತಾವನ್ನು ಇಬ್ಬರೂ ತಿಂದೆವು. ಉಪ್ಪು ಕಡಿಮೆಯಾಗಿತ್ತು, ನಾನು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಫೋನಿನಲ್ಲಿ ದಾರಿ ನೋಡುತ್ತ ನನ್ನನ್ನು ಆ ಕಾರ್ಖಾನೆಯ ಕಡೆಗೆ ನಡೆಸಿಕೊಂಡು ಹೋದಳು. ಹೊಳೆಯ ಪಕ್ಕ ಕೆಂಪು ಇಟ್ಟಿಗೆಯ ಕಟ್ಟಡ. ಕಾರ್ಖಾನೆ ಮುಚ್ಚಿ ಬಹಳ ವರ್ಷವಾಗಿರಬೇಕು, ಈಗ ಅಲ್ಲಿ ಹೂಕುಂಡ, ಗೊಬ್ಬರ, ಹುಲ್ಲು ಕತ್ತರಿಸುವ ಯಂತ್ರ ಮಾರುತ್ತಾರೆ. ಗೇಟಿನ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದಳು. ನಗು ಎಂದಳು. ಫೋನನ್ನು ಕೆಳಗಿಳಿಸಿ, ನನ್ನ ಚೀಲದ ಪಟ್ಟಿ ಸರಿಮಾಡುತ್ತ, ಮುಖ ನೋಡದೆ ಹೇಳಿದಳು.

"ಸಾರಿ, ಮಮ್ಮಿ. ಮೂವತ್ತು ವರ್ಷ ತಡವಾಯಿತು."

ಹುಟ್ಟಿದ್ದಕ್ಕೆ ನನ್ನ ಮಗಳು ನನ್ನ ಕ್ಷಮೆ ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಬರೆಯಲೆಂದೇ ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದೇನೆ. "ಇರಲಿ ಬಿಡು, ಬೇಟಾ" ಎಂದೆ, ಹಿಂದಿಯಲ್ಲಿ. ಅವಳ ತಲೆ ಸವರಿ, ದೊಡ್ಡ ಮನಸ್ಸು ಮಾಡಿ, ಕ್ಷಮಿಸಿಬಿಟ್ಟೆ.

ಆಗಲೇ ಹೇಳಬೇಕಾದದ್ದನ್ನು ಈಗ ಬರೆಯುತ್ತೇನೆ. ನಾನು ಬಸುರಿ ಎಂದು ತಿಳಿದ ವಾರ ನಮ್ಮ ನಿರ್ದೇಶಕರು ನನ್ನನ್ನು ಕೋಣೆಗೆ ಕರೆದಿದ್ದರು. ಅವಸರವೇನಿಲ್ಲ, ಹೆರಿಗೆಯಾಗಲಿ, ಮುಂದಿನ ವರ್ಷದ ಗುಂಪಿನಲ್ಲಿ ಹೋಗಿಬನ್ನಿ, ಆ ಕಡೆಯವರೂ ಒಪ್ಪಿದ್ದಾರೆ ಎಂದರು. ಹೇಳಿದ್ದಷ್ಟೇ ಅಲ್ಲ, ಕಾಗದದಲ್ಲೂ ಬರೆದುಕೊಟ್ಟರು. ಮಗುವನ್ನು ಆರು ತಿಂಗಳು ನೋಡಿಕೊಳ್ಳಲು ನನ್ನ ಅವ್ವ ಧಾರವಾಡದಿಂದ ಬರಲು ತಯಾರಿದ್ದಳು. ಗಂಡ ಹೋಗು ಎಂದರು. ಬೇಡವೆಂದು ಎರಡೇ ಸಾಲು ಬರೆದುಕೊಟ್ಟವಳು ನಾನು. ನನಗೆ ಹೆದರಿಕೆಯಾಗಿತ್ತು. ಅಷ್ಟೇ, ಅದರಲ್ಲಿ ಬೇರೆ ಗುಟ್ಟಿಲ್ಲ. ಆಗ ನಾನು ಒಬ್ಬಳೇ ವಡೋದರಾದವರೆಗೂ ರೈಲಿನಲ್ಲಿ ಹೋದವಳಲ್ಲ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ನನಗಿಂತ ಚೆನ್ನಾಗಿ ಕೆಲಸ ಬಲ್ಲ ಜನ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಡೊಂಕು ನೆಲವೆಂದು ತೋರಿಸಲು ಒಂದು ಮಗು ಸಿಕ್ಕಿತು. ಹೇಳುತ್ತ ಹೇಳುತ್ತ ಅಕ್ಕ ನಂಬಿದಳು, ನಾನೂ ಮುಕ್ಕಾಲು ನಂಬಿದೆ. ಪೂರ್ತಿ ನಂಬಿದವಳು ಎದುರಿಗೆ ಕೂತು ಹೋಂವರ್ಕ್ ಮಾಡುತ್ತಿದ್ದವಳು ಒಬ್ಬಳೇ.

ಗೇಟಿನ ಮುಂದೆ ಹೇಳಬಹುದಿತ್ತು. ಆಮೇಲೆ ಪ್ರಾಗ್‌ಗೆ ಹೋಗುವ ರೈಲಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಾಗ ಹೇಳಬಹುದಿತ್ತು. ಉಳಿದ ಒಂಬತ್ತು ದಿನ ಅವಳು ನನ್ನನ್ನು ಹೂವಿನಂತೆ ನೋಡಿಕೊಂಡಳು, ನಾನು ಹೂವಿನಂತೆ ಇದ್ದುಬಿಟ್ಟೆ. ಅಕ್ಕನಿಗೆ ಫೋನ್ ಮಾಡಲಿಲ್ಲ. ಮಾಡದಿದ್ದರೆ ಎಷ್ಟೋ ಸರಿಹೋದಂತೆ ಎಂದು ನನ್ನ ಎಣಿಕೆ.

ಬೋಪಾಲ್‌ಗೆ ಮರಳಿದ ಮೇಲೆ ಟ್ರಂಕಿನಿಂದ ನಿರ್ದೇಶಕರ ಆ ಕಾಗದ ಹುಡುಕಿ ತೆಗೆದೆ. ಅದನ್ನು ಎದುರಿಗಿಟ್ಟುಕೊಂಡು ಇಲ್ಲಿಯವರೆಗಿನದನ್ನು ನಾಲ್ಕು ದಿನ ಕೂತು ಬರೆದೆ. ಬಾಯಲ್ಲಿ ಹೇಳಲಾಗದಿದ್ದರೆ ಹಾಳೆಯನ್ನೇ ಕೈಗಿಡೋಣ ಎಂದು. ಬರೆದು ಮುಗಿಸಿದ ದಿನ ಹಾಳೆಗಳನ್ನು ಚೀಲಕ್ಕೆ ಹಾಕುವಾಗ ತಲೆಗೆ ಹೊಳೆಯಿತು: ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾವು ಕಲಿಸಿಲ್ಲ. ನನ್ನ ಇಂಗ್ಲಿಷು ಆಫೀಸಿನಲ್ಲಿ ಹೆಸರುವಾಸಿ, ಮೂವತ್ತೈದು ವರ್ಷ ಅದರಲ್ಲೇ ವರದಿ ಬರೆದವಳು. ಆದರೂ ತಪ್ಪೊಪ್ಪಿಕೊಳ್ಳಲು ಕೂತಾಗ ಕೈ ತಾನಾಗಿ ಅವಳಿಗೆ ತಿಳಿಯದ ಅಕ್ಷರಗಳ ಹಿಂದೆ ಹೋಗಿ ಕೂತಿತ್ತು. ಎರಡು ಶನಿವಾರ ಹಾಳೆಗಳನ್ನು ವಡೋದರಾಕ್ಕೆ ಒಯ್ದೆ, ಎರಡು ಸಲವೂ ಹಾಗೇ ವಾಪಸ್ ತಂದೆ.

ಮೂರನೆಯ ಶನಿವಾರ ನಡೆದದ್ದನ್ನು ಆಮೇಲೆ ಸೇರಿಸುತ್ತಿದ್ದೇನೆ. ಅಲ್ಕಾಪುರಿಯ ಅದೇ ಹೋಟೆಲು, ಊಟದ ಹೊತ್ತಿನ ಗದ್ದಲ. ಕನ್ನಡಕ ತೆಗೆಯಲು ಚೀಲ ಬಿಚ್ಚಿದಾಗ ಹಾಳೆಗಳು ಅವಳ ಕಣ್ಣಿಗೆ ಬಿದ್ದವು. ಏನಿದು ಎಂದು ಎಳೆದುಕೊಂಡಳು. ಒಂದೊಂದಾಗಿ ತಿರುವಿದಳು, ಗೋಡೆಯ ಮೇಲಿನ ಚಿತ್ರ ನೋಡಿದ ಹಾಗೆ.

"ನನ್ನ ಬಗ್ಗೆಯಾ?"

"ನನ್ನ ಬಗ್ಗೆ," ಎಂದೆ.

ಹಾಳೆಗಳನ್ನು ನನ್ನ ಮುಂದಿಟ್ಟಳು. "ಓದು."

ಸುತ್ತ ಇಷ್ಟು ಜನ ಇದ್ದಾರೆ ಎಂದೆ. ಅವಳು ಅಕ್ಕಪಕ್ಕದ ಮೇಜುಗಳತ್ತ ಒಮ್ಮೆ ನೋಡಿದಳು.

"ಇವ್ರಿಗೆ ತಿಳಿಯಂಗಿಲ್ಲ ಬಿಡು," ಎಂದಳು. "ನನಗ ತಿಳೀತದ. ಓದು."

ಓದಿದೆ. ಕಲ್ಲು ಬಿದ್ದ ಮಾತನ್ನೂ ಓದಿದೆ, ಕತ್ತೆಯ ಮಾತನ್ನೂ ಓದಿದೆ. ನಿರ್ದೇಶಕರ ಕೋಣೆಯ ಭಾಗಕ್ಕೆ ಬಂದಾಗ ಹಾಳೆ ಕೆಳಗಿಟ್ಟೆ. ನೀರು ಕುಡಿದು ಮತ್ತೆ ಓದಿದೆ. ಟ್ರಂಕಿನ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಅದನ್ನು ಅವಳೇ ಓದಿಕೊಂಡಳು. ಎರಡು ಸಲ ಓದಿರಬೇಕು. ಊಟ ಆರುತ್ತಿತ್ತು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಕಾಗದವನ್ನು ಮಡಿಕೆಗೆ ಸರಿಯಾಗಿ ಮಡಚಿ ನನ್ನ ತಟ್ಟೆಯ ಪಕ್ಕ ಇಟ್ಟಳು.

"ಹಂಗಾದ್ರ ನನ್ನ ಸಾರಿ ನನಗ ವಾಪಸ್ ಕೊಡು," ಎಂದಳು.

ಅವಳು ಇದನ್ನು ಯಾವ ರೈಲಿನಲ್ಲೂ ಕಲಿತುಕೊಂಡು ಬಂದಿರಲಿಲ್ಲ.

"ತಪ್ಪಾತವಾ," ಎಂದೆ. "ನಂದೇ ತಪ್ಪು."

ಅವಳನ್ನು ನರ್ಸರಿಗೆ ಸೇರಿಸಿದ ಮೇಲೆ ನಾನು ಅವಳಿಗೆಂದು ಆಡಿದ ಮೊದಲ ಕನ್ನಡ ಮಾತು ಅದು. ಅವಳು ತಲೆ ಅಲ್ಲಾಡಿಸಲಿಲ್ಲ, ಇರಲಿ ಬಿಡು ಎಂದೂ ಹೇಳಲಿಲ್ಲ. ಇಬ್ಬರೂ ಆರಿದ ಊಟ ಮಾಡಿದೆವು. ಐದು ಗಂಟೆಗೆ ಅವಳು ಸೂರತ್ತಿನ ರೈಲು ಹತ್ತಿದಳು.